ಒಂದು ಗುಡ್ಡೆ ತಿಸ್ರ್ಯೊ, ಅದರಲ್ಲಿ ಎಷ್ಟು ಜಾತಿ?

ಗೋವಾದ ವಾಸ್ಕೋ ಪಟ್ಟಣದ ಮೀನು ಮಾರುಕಟ್ಟೆಯಲ್ಲಿ ಭಾನುವಾರ ಬೆಳಿಗ್ಗೆ ಕನ್ನಡಕ್ಕೇನೂ ಬರ ಇಲ್ಲ. ಬೈನಾ, ಮಂಗೋರ್, ಜುವಾರಿನಗರ, ಎಲ್ಲ ಕಡೆಯಿಂದ ನಮ್ಮವರು ಚೀಲ ಹಿಡಿದು ಬಂದಿರುತ್ತಾರೆ. ಕಳೆದ ವಾರ ಒಂದು ಚಿಪ್ಪಿನ ಗುಡ್ಡೆಯ ಮುಂದೆ ನಾವು ಮೂರು ಜನ ನಿಂತಿದ್ದೆವು. ಅಂಕೋಲೆಯ ಗೆಳೆಯ "ಬಳಚು ತಾಜಾ ಇದೆ, ತಗೊಳ್ಳಿ" ಅಂದ. ಪಕ್ಕದಲ್ಲಿದ್ದ ಮಂಗಳೂರಿನ ಅಕ್ಕ "ಮರುವಾಯಿ ಅಲ್ವಾ, ಪುಂಡಿಗೆ ಹಾಕಬಹುದು" ಅಂದರು. ಪುಂಡಿ ಅಂದರೆ ಅವರ ಕಡೆಯ ಅಕ್ಕಿ ಕಡುಬು. ಗದಗದ ಕಡೆಯವನಾದ ನನಗೆ ಅದು ಬರೀ ಚಿಪ್ಪು. ಮಾರುವ ಮೌಶಿ ಮೂವರನ್ನೂ ಒಮ್ಮೆ ನೋಡಿ "ತಿಸ್ರ್ಯೊ" ಅಂತ ತೀರ್ಪು ಕೊಟ್ಟರು.

"ಇಷ್ಟು ಸಣ್ಣದಾ ಮೌಶಿ?" ಅಂತ ಕೇಳಿದೆ. ಈಗ ಬರೋದೇ ಇಷ್ಟು, ಬೇಕಾದರೆ ತಗೋ, ಇಲ್ಲಾಂದ್ರೆ ಮುಂದೆ ಹೋಗು ಅನ್ನುವ ಅರ್ಥದಲ್ಲಿ ಕೈ ಬೀಸಿದರು. ತಗೊಂಡೆ.

ಹೆಸರಿನ ಈ ಗೊಂದಲ ಮಾರುಕಟ್ಟೆಯ ತಮಾಷೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಆದರೆ ಗೋವಾದಲ್ಲಿ ಚಿಪ್ಪಿನ ಬಗ್ಗೆ ನಡೆಯುತ್ತಿರುವ ಜಗಳಗಳ ಒಳಗೆ ಇಣುಕಿ ನೋಡಿದರೆ ಎಲ್ಲದರ ತಳದಲ್ಲೂ ಒಂದು ಹೆಸರಿನ ಪ್ರಶ್ನೆ ಕೂತಿದೆ. ವಾಸ್ಕೋದ ಪಕ್ಕದಲ್ಲೇ ಚಿಖಲಿ ಇದೆ, ಬೋರ್ಡುಗಳಲ್ಲಿ ಚಿಕಲಿಂ ಅಂತ ಬರೆದಿರುತ್ತಾರೆ. ಮರಾಠಿಯಲ್ಲಿ ಚಿಖಲ್ ಅಂದರೆ ಕೆಸರು. ಊರಿನ ಹೆಸರು ಹೇಳಿದರೇ ಕಾಲಿಗೆ ಹತ್ತುವ ಹಾಗಿದೆ. ಅಲ್ಲಿ ಜುವಾರಿ ನದಿ ಅಗಲವಾಗಿ ಸಮುದ್ರ ಸೇರುವ ಮುಂಚೆ ಒಂದು ಸಣ್ಣ ಕೊಲ್ಲಿ ಮಾಡಿಕೊಂಡಿದೆ. ಆ ಕೆಸರಿನಲ್ಲಿ ಕಿಟಕಿ ಚಿಪ್ಪು ಬದುಕುತ್ತದೆ. ಪೋರ್ಚುಗೀಸರ ಕಾಲದ ಮನೆ, ಚರ್ಚುಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದದ್ದು ಇದನ್ನೇ. ಈ ಕೊಲ್ಲಿಯನ್ನು ಕಾಪಾಡಿ ಅಂತ ಊರವರು ವರ್ಷಗಳಿಂದ ಕೇಳುತ್ತಿದ್ದಾರೆ. ನದಿಯ ಆಚೆ ದಂಡೆಯ ನೌಶಿಯಲ್ಲಿ ಮರೀನಾ, ಅಂದರೆ ವಿಹಾರ ದೋಣಿಗಳ ಕಟ್ಟೆ, ಕಟ್ಟುವ ಯೋಜನೆ ಬಂದಾಗ ಮೀನುಗಾರರು ಬೀದಿಗಿಳಿದರು. ಸರಕಾರದ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ ಧಾಟಿಯದು. ಕಾನೂನಿನಲ್ಲಿ ಆ ಪ್ರಾಣಿಗೆ ರಕ್ಷಣೆ ಇದೆಯಲ್ಲ, ಮತ್ತೇನು ಬೇಕು?

ಇದು ಸಾಕಾಗುವುದಿಲ್ಲ ಅನ್ನುವುದೇ ನನ್ನ ವಾದ. ಯಾಕೆ ಅಂತ ಹೇಳಬೇಕಾದರೆ ಮೊದಲು ಆ ಚಿಪ್ಪನ್ನು ಬಿಚ್ಚಿ ನೋಡಬೇಕು.

ಈ ಜೀವಿಗೆ ತಲೆ ಇಲ್ಲ. ಬೈಗುಳ ಅಲ್ಲ, ನಿಜವಾಗಿಯೂ ಇಲ್ಲ. ಬಸವನಹುಳು, ಆಕ್ಟೋಪಸ್ ಇದರ ನೆಂಟರೇ, ಎಲ್ಲವೂ ಮೃದ್ವಂಗಿಗಳು. ಆದರೆ ಬಸವನಹುಳುವಿಗೆ ತಲೆ ಇದೆ, ಹಲ್ಲಿರುವ ನಾಲಿಗೆ ಇದೆ, ಅದರಿಂದ ಪಾಚಿ ಕೆರೆದು ತಿನ್ನುತ್ತದೆ. ಎರಡು ಚಿಪ್ಪಿನವು ತಲೆಯನ್ನೂ ಬಿಟ್ಟವು, ಆ ನಾಲಿಗೆಯನ್ನೂ ಬಿಟ್ಟವು. ಪುಸ್ತಕದಲ್ಲಿ ಇವುಗಳಿಗೆ ಬೈವಾಲ್ವ್ ಅಥವಾ ದ್ವಿಕವಾಟಿ ಅನ್ನುತ್ತಾರೆ. ಸುಮಾರು 50 ಕೋಟಿ ವರ್ಷ ಹಳೆಯ ಕುಲ ಇದು. ಈಗ ಬದುಕಿರುವ ಪ್ರಭೇದಗಳೇ 9,000ಕ್ಕೂ ಜಾಸ್ತಿ.

ತಲೆ ಇಲ್ಲದ ಮೇಲೆ ತಿನ್ನೋದು ಹೇಗೆ? ಕಿವಿರಿನಿಂದ. ಮೀನಿಗೆ ಕಿವಿರು ಉಸಿರಾಡಲು. ಬಹುಪಾಲು ಚಿಪ್ಪುಗಳಿಗೆ ಅದು ಉಸಿರಿಗೂ ಹೌದು, ಊಟಕ್ಕೂ ಹೌದು. ಕಿವಿರಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವು ಸದಾ ಬಡಿಯುತ್ತಾ ನೀರನ್ನು ಒಳಗೆ ಎಳೆಯುತ್ತವೆ. ನೀರು ಜರಡಿ ಹಿಡಿದಂತೆ ದಾಟಿ ಹೋಗುತ್ತದೆ. ಅದರಲ್ಲಿದ್ದ ಸೂಕ್ಷ್ಮ ಪಾಚಿ ಅಂಟಿನಲ್ಲಿ ಸಿಕ್ಕಿಕೊಂಡು ಬಾಯಿಯ ಕಡೆ ಜಾರುತ್ತದೆ. ಬಾಯಿಯ ಪಕ್ಕದಲ್ಲಿ ಎರಡು ಜೊತೆ ತೆಳು ಎಸಳುಗಳಿವೆ. ಅಲ್ಲಿ ಆರಿಸುವ ಕೆಲಸ ನಡೆಯುತ್ತದೆ, ನಾವು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಪಾಚಿ ಒಳಗೆ, ಮಣ್ಣು ಹೊರಗೆ. ಹೊರಗೆ ಹಾಕುವ ಮಣ್ಣನ್ನು ಅಂಟಿನಲ್ಲಿ ಉಂಡೆ ಕಟ್ಟಿ ಎಸೆಯುತ್ತದೆ. ದೊಡ್ಡ ಸಿಂಪಿಯೊಂದು ಅನುಕೂಲ ಇದ್ದಾಗ ದಿನಕ್ಕೆ ನೂರಕ್ಕೂ ಹೆಚ್ಚು ಲೀಟರ್ ನೀರು ಸೋಸಬಲ್ಲದು.

ಮಣ್ಣು ಆರಿಸಿ ಎಸೆಯುವ ಈ ಕೆಲಸ ಪುಕ್ಕಟೆ ಆಗುವುದಿಲ್ಲ. ಅಂಟು ತಯಾರಿಸಬೇಕು, ಶಕ್ತಿ ಖರ್ಚಾಗುತ್ತದೆ. ನೀರಿನಲ್ಲಿ ಮಣ್ಣು ಒಂದು ಮಿತಿ ದಾಟಿದರೆ ಆರಿಸುವುದರಲ್ಲೇ ದಿನ ಕಳೆಯುತ್ತದೆ, ಹೊಟ್ಟೆ ತುಂಬುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿ ನಮ್ಮ ಅಡುಗೆಮನೆಯಲ್ಲೇ ಇದೆ. ಚಿಪ್ಪನ್ನು ಬಿಸಿನೀರಿಗೆ ಹಾಕಿದರೆ ಬಾಯಿ ಬಿಡುತ್ತದೆ. ಬಿಸಿಗೆ ಹೆದರಿ ತೆರೆಯುತ್ತದೆ ಅಂತ ನಾನು ಚಿಕ್ಕವರಿಗೆ ಹೇಳಿದ್ದೂ ಉಂಟು, ತಪ್ಪು. ಎರಡು ಚಿಪ್ಪು ಸೇರುವ ಬೆನ್ನಿನ ಜಾಗದಲ್ಲಿ ರಬ್ಬರಿನಂಥ ಒಂದು ಪಟ್ಟಿ ಇದೆ. ಅದು ಸ್ಪ್ರಿಂಗ್ ಇದ್ದ ಹಾಗೆ, ಯಾವಾಗಲೂ ತೆರೆಯಲು ಒತ್ತುತ್ತಿರುತ್ತದೆ. ಮುಚ್ಚಿ ಹಿಡಿಯುವುದು ಒಳಗಿನ ಸ್ನಾಯು. ಅಂದರೆ ಬಾಯಿ ಮುಚ್ಚಿಕೊಂಡಿರುವುದೇ ಅದಕ್ಕೆ ಕೆಲಸ, ತೆರೆಯುವುದು ವಿಶ್ರಾಂತಿ. ಬೆಂದ ಸ್ನಾಯು ಹಿಡಿತ ಬಿಡುತ್ತದೆ, ಸ್ಪ್ರಿಂಗ್ ಗೆಲ್ಲುತ್ತದೆ. ಬೇಯಿಸುವ ಮೊದಲೇ ಬಾಯಿ ಬಿಟ್ಟು, ತಟ್ಟಿದರೂ ಮುಚ್ಚದಿದ್ದರೆ ಅದು ಸತ್ತಿದೆ ಅಂತ ಮೌಶಿಯರು ಎಸೆಯುವುದೂ ಇದಕ್ಕೇ.

ಈಗ ಹೆಸರಿಗೆ ಬರೋಣ. 9,000 ಪ್ರಭೇದಗಳನ್ನು ಗುಂಪು ಮಾಡುವುದು ಹೇಗೆ? ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಎರಡು ಕದ ಇರುವುದನ್ನೇ ನೋಡಿ ಬೈವಾಲ್ವಿಯಾ ಅಂದ. ಗೋಲ್ಡ್‌ಫುಸ್ 1820ರಲ್ಲಿ ಕಾಲು ನೋಡಿ ಪೆಲೆಸಿಪೋಡಾ ಅಂದ, ಅಂದರೆ ಕೊಡಲಿ ಕಾಲಿನವು. ಕೆಸರಿನಲ್ಲಿ ಅಗೆದು ಇಳಿಯುವ ಆ ಕಾಲು ನಿಜಕ್ಕೂ ಕೊಡಲಿಯ ಆಕಾರದ್ದೇ. ಇನ್ನು ಕೆಲವರು ಕಿವಿರಿನ ಪದರ ನೋಡಿ ಲ್ಯಾಮೆಲಿಬ್ರಾಂಕಿಯಾ ಅಂದರು. ಹಳೆಯ ಕಾಲೇಜು ಪುಸ್ತಕಗಳಲ್ಲಿ ಮೂರೂ ಸಿಗುತ್ತವೆ. ಪರೀಕ್ಷೆಗೆ ಓದುವಾಗ ಮೂರೂ ಬೇರೆ ಬೇರೆ ಪ್ರಾಣಿ ಅಂದುಕೊಂಡವರು ನಾನೊಬ್ಬನೇ ಇರಲಿಕ್ಕಿಲ್ಲ.

ಒಳಗಿನ ಗುಂಪುಗಳಿಗೆ ಬಹುಕಾಲ ಬಳಕೆಯಾದದ್ದು ಬಿಜಾಗರಿ. ಬಾಗಿಲಿಗೆ ಇರುವ ಹಾಗೆ ಚಿಪ್ಪಿಗೂ ಬಿಜಾಗರಿ ಇದೆ, ಅದರಲ್ಲಿ ಒಂದಕ್ಕೊಂದು ಕಚ್ಚಿ ಕೂರುವ ಹಲ್ಲುಗಳಿವೆ. ತಿಸ್ರ್ಯೊದ ಖಾಲಿ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಕೆಳಗೆ ಪ್ರತಿ ಚಿಪ್ಪಿನಲ್ಲೂ ಮೂರು ಮುಖ್ಯ ಹಲ್ಲು ಕಾಣುತ್ತವೆ. ಇದು ವೆನೆರಿಡೇ ಕುಟುಂಬದ ಗುರುತು. ರಕ್ತಚಿಪ್ಪು ಅನ್ನುವ ಆರ್ಕಾ ಗುಂಪಿನಲ್ಲಿ ಬಾಚಣಿಗೆಯಂತೆ ಸಾಲಾಗಿ ಹಲ್ಲಿರುತ್ತವೆ. ನೀಲಿಕಲ್ಲು, ಅಂದರೆ ಇಂಗ್ಲಿಷಿನ ಮಸಲ್, ಅದರಲ್ಲಿ ಹಲ್ಲು ಇಲ್ಲವೇ ಇಲ್ಲ ಅನ್ನುವಷ್ಟು. ಚಿಪ್ಪಿನ ಒಳಮೈಯಲ್ಲಿ ಇನ್ನೊಂದು ಗೆರೆಯೂ ಇದೆ. ಮೈ ಪದರ ಅಂಟಿಕೊಂಡಿದ್ದ ಜಾಗದ ಗುರುತು ಅದು. ಆ ಗೆರೆ ಒಂದು ಕಡೆ ಒಳಕ್ಕೆ ಬಾಗಿದ್ದರೆ ನೀರು ಎಳೆಯುವ ನಳಿಕೆ ಉದ್ದವಿತ್ತು ಅಂತ ಅರ್ಥ. ನಳಿಕೆ ಉದ್ದ ಅಂದರೆ ಜೀವಿ ಆಳದಲ್ಲಿ ಹೂತುಕೊಂಡು ಬದುಕಿತ್ತು. ಸತ್ತ ಚಿಪ್ಪು ತನ್ನ ಮನೆ ಎಷ್ಟು ಆಳದಲ್ಲಿತ್ತು ಅಂತ ಹೇಳುತ್ತದೆ! ನನಗೆ ಇದು ಗೊತ್ತಾದ ದಿನದಿಂದ ಊಟ ಆದ ಮೇಲೆ ತಟ್ಟೆ ಎತ್ತುವುದು ತಡವಾಗುತ್ತಿದೆ ಅಂತ ಮನೆಯಲ್ಲಿ ದೂರು.

ಡಿಎನ್‌ಎ ಬಂದ ಮೇಲೆ ಚಿತ್ರ ಇನ್ನಷ್ಟು ತಿಳಿಯಾಯಿತು, ಸ್ವಲ್ಪ ಕಲಕಿತು ಕೂಡ. ನೀಲಿಕಲ್ಲು, ಸಿಂಪಿ, ರಕ್ತಚಿಪ್ಪು, ಕಿಟಕಿ ಚಿಪ್ಪು ಎಲ್ಲ ಟೆರಿಯೊಮಾರ್ಫಿಯಾ ಅನ್ನುವ ಒಂದು ದೊಡ್ಡ ಶಾಖೆ. ತಿಸ್ರ್ಯೊ, ಖುಬೆ ಅನ್ನುವ ದಪ್ಪನೆಯ ಕಪ್ಪು ಚಿಪ್ಪು, ಹವಳದ ದಿಬ್ಬಗಳ ದೈತ್ಯ ಚಿಪ್ಪು ಹೆಟೆರೊಡೊಂಟಾ ಅನ್ನುವ ಇನ್ನೊಂದು ಶಾಖೆ. ನಮ್ಮ ಮಲಪ್ರಭೆ, ತುಂಗಭದ್ರೆಯಲ್ಲಿ ಸಿಗುವ ಸಿಹಿನೀರಿನ ಚಿಪ್ಪು ಮೂರನೆಯದೇ ಶಾಖೆ. ಅದರ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಪರಾವಲಂಬಿಯಾಗಿ ಬಾಲ್ಯ ಕಳೆಯುತ್ತವೆ. ಒಂದೇ ಥರ ಕಾಣುವ ನದಿಯ ಚಿಪ್ಪಿಗೂ ಕಡಲಿನ ನೀಲಿಕಲ್ಲಿಗೂ ಇರುವ ನೆಂಟಸ್ತನ ಬಹಳ ದೂರದ್ದು.

ಹೊರಗಿನ ಆಕಾರ ನಂಬಿ ಮೋಸ ಹೋದ ಕತೆಗಳು ಈ ಶಾಸ್ತ್ರದಲ್ಲಿ ತುಂಬಾ ಇವೆ. ಮರದ ಹಡಗನ್ನು ಕೊರೆದು ತಿನ್ನುವ ಹುಳುವನ್ನು ಶತಮಾನಗಳ ಕಾಲ ಹುಳು ಅಂತಲೇ ನಂಬಿದ್ದರು. ಉದ್ದನೆ ಮೆತ್ತನೆ ಮೈ, ತುದಿಯಲ್ಲಿ ಎರಡು ಪುಟ್ಟ ಚಿಪ್ಪು. ಆ ಚಿಪ್ಪೇ ಅದರ ಉಳಿ. ಅದೂ ಬೈವಾಲ್ವ್, ತಿಸ್ರ್ಯೊ ಇರುವ ಶಾಖೆಯದೇ. ಲಿನ್ನೇಯಸ್ ಅದನ್ನು ಹಡಗುಗಳ ಪಾಲಿನ ವಿಪತ್ತು ಅಂದಿದ್ದ.

ಮುಂಬೈ ಬಂದರಿನ ಕತೆ ಇನ್ನೂ ಹತ್ತಿರದ್ದು. 1967ರಲ್ಲಿ ವಿಶಾಖಪಟ್ಟಣದಲ್ಲಿ, ಎಪ್ಪತ್ತರ ದಶಕದಲ್ಲಿ ಮುಂಬೈಯಲ್ಲಿ ನೀಲಿಕಲ್ಲಿನಂಥದೇ ಒಂದು ಸಣ್ಣ ಚಿಪ್ಪು ಗೊಂಚಲು ಗೊಂಚಲಾಗಿ ಹಡಗುಕಟ್ಟೆಗಳಿಗೆ ಅಂಟಿಕೊಂಡದ್ದು ಕಂಡಿತು. ಮೈಟಿಲೋಪ್ಸಿಸ್ ಸಾಲಿ. ಅಮೆರಿಕದ ಉಷ್ಣವಲಯದ ಕರಾವಳಿಯಿಂದ ಹಡಗುಗಳ ಜೊತೆ ಬಂದದ್ದು. ನೋಡಲು ನೀಲಿಕಲ್ಲಿನ ತಮ್ಮನ ಹಾಗೆ. ನಾರಿನಿಂದ ಕಲ್ಲಿಗೆ ಕಟ್ಟಿಕೊಳ್ಳುವ ಅಭ್ಯಾಸವೂ ಹಾಗೆಯೇ. ಒಳಗೆ ಮಾತ್ರ ಅದು ತಿಸ್ರ್ಯೊ ಕಡೆಯ ಶಾಖೆಯದು. ಒಂದೇ ಥರದ ಬದುಕು ಬೇರೆ ಬೇರೆ ವಂಶಗಳನ್ನು ಒಂದೇ ಆಕಾರಕ್ಕೆ ತಂದಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಏಷ್ಯಾಕ್ಕೆ ಬಂದದ್ದು ನಿಜವಾಗಿ ಸಾಲಿಯೋ, ಅದರ ನೆಂಟ ಆಡಮ್ಸಿಯೋ ಅಂತ ಈಗಲೂ ವಾದ ನಡೆದಿದೆ.

ನನಗೆ ಹೆಚ್ಚು ಇಷ್ಟವಾದದ್ದು ಕಂದು ಕಲ್ಲಿನ ಕತೆ. ಕೇರಳದ ದಕ್ಷಿಣ ತುದಿಯಲ್ಲಿ, ತಮಿಳುನಾಡಿನಲ್ಲಿ ಸಿಗುವ ಕಂದು ಬಣ್ಣದ ಮಸಲ್‌ಗೆ 1976ರಲ್ಲಿ ಕುರಿಯಾಕೋಸ್ ಮತ್ತು ನಾಯರ್ ಪರ್ನಾ ಇಂಡಿಕಾ ಅಂತ ಹೆಸರಿಟ್ಟರು. ಭಾರತದ್ದೇ ಆದ ಪ್ರಭೇದ ಅಂತ ಪಠ್ಯಕ್ಕೂ ಹೋಯಿತು. 2016ರಲ್ಲಿ ಡಿಎನ್‌ಎ ಮತ್ತು ಆಕಾರ ಎರಡನ್ನೂ ನೋಡಿದ ಸಂಶೋಧಕರು ಬೇರೆಯೇ ಮಾತು ಹೇಳಿದರು. ಇದು ಆಫ್ರಿಕಾ, ಅರೇಬಿಯಾ ಕಡೆಯ ಪರ್ನಾ ಪರ್ನಾ. ಓಮಾನ್ ಕಡೆಯಿಂದ ನೂರು ವರ್ಷಕ್ಕೂ ಹಿಂದೆ ಇಲ್ಲಿಗೆ ಬಂದಿರಬೇಕು. ಭಾರತದ ಹೆಸರು ಹೊತ್ತ ಚಿಪ್ಪು ಹಳೆಯ ವಲಸಿಗ! ಬೈನಾದಲ್ಲಿ ಎರಡು ತಲೆಮಾರು ಕಳೆದ ಮೇಲೂ "ನೀವು ಘಾಟಿಗಳು", ಅಂದರೆ ಘಟ್ಟದಾಚೆಯವರು, ಅನ್ನಿಸಿಕೊಳ್ಳುವ ನಮ್ಮಂಥವರಿಗೆ ಈ ಕತೆ ಓದಿ ನಗು ಬರುತ್ತದೆ.

ಹೆಸರು ಬದಲಾಗುವುದರಿಂದ ಏನಾಗುತ್ತದೆ? ಬಹಳ ಸಲ ಏನೂ ಆಗುವುದಿಲ್ಲ. ಕೊಲ್ಲಂ ಹತ್ತಿರದ ಅಷ್ಟಮುಡಿ ಕೆರೆಯ ಚಿಪ್ಪಿಗೆ 2014ರಲ್ಲಿ, ಹಿಡಿಯುವುದು ಹದ ಮೀರಿಲ್ಲ ಅಂತ ಹೇಳುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು. ಭಾರತದ ಮೀನುಗಾರಿಕೆಗೆ ಅದೇ ಮೊದಲು. ಆಗ ಅದರ ಹೆಸರು ಪ್ಯಾಫಿಯಾ ಮಲಬಾರಿಕಾ. ಗೋವಾದ ತಿಸ್ರ್ಯೊ ಗುಡ್ಡೆಯಲ್ಲಿ ಇರುವುದರಲ್ಲಿ ಇದೂ ಒಂದು. ಈಗಿನ ಪಟ್ಟಿಗಳಲ್ಲಿ ಆ ಹೆಸರು ಹುಡುಕಿದರೆ ಪ್ರೊಟೇಪಿಸ್ ಗ್ಯಾಲಸ್ ಕಡೆ ಕಳಿಸುತ್ತಾರೆ. ಗ್ಯಾಲಸ್ 1791ರ ಹೆಸರು, ಹಳೆಯದು. ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದಿದ್ದರೆ ಮೊದಲಿನದು ಗೆಲ್ಲುತ್ತದೆ ಅನ್ನುವುದು ನಿಯಮ. ಮಲಬಾರಿನ ಹೆಸರು ಹೋಯಿತು, ಸಾರಿನ ರುಚಿ ಹೋಗಲಿಲ್ಲ. ಸಿಂಪಿಗಳಲ್ಲೂ ಹೀಗೆಯೇ. 2017ರಲ್ಲಿ ಇಬ್ಬರು ಇಟಲಿಯ ಸಂಶೋಧಕರು ಪೆಸಿಫಿಕ್ ಕಡೆಯ ಸಿಂಪಿಗಳನ್ನೆಲ್ಲ ಕ್ರಾಸೋಸ್ಟ್ರಿಯಾದಿಂದ ತೆಗೆದು, ನಾವಿಕ ಮೆಗಲನ್ ಹೆಸರಿನ ಮ್ಯಾಗಲಾನಾ ಕುಲಕ್ಕೆ ಹಾಕಿದರು. ಅದೇ ವರ್ಷ ಸಿಂಪಿ ವಿಜ್ಞಾನಿಗಳ ದೊಡ್ಡ ಗುಂಪೊಂದು ಬೇಡ ಅಂತ ಲೇಖನ ಬರೆಯಿತು. ದಶಕಗಳಿಂದ ಒಂದು ಹೆಸರಿನಲ್ಲಿ ಸಾಕಣೆ, ರೋಗ, ವ್ಯಾಪಾರದ ಲೆಕ್ಕ ಎಲ್ಲ ಇಟ್ಟಿದ್ದೇವೆ, ಅದನ್ನು ಕಲಕಬೇಡಿ ಅನ್ನುವುದು ಅವರ ತಕರಾರು.

ಕೆಲವು ಸಲ ಮಾತ್ರ ಹೆಸರು ತಪ್ಪಿದರೆ ಹೊಡೆತ ಬೀಳುತ್ತದೆ. ದಕ್ಷಿಣ ಅಮೆರಿಕದ ಮೈಟೆಲಾ ಸ್ಟ್ರೈಗೇಟಾ ಅನ್ನುವ ಮಸಲ್ ಸಿಂಗಾಪುರದಲ್ಲಿ 2016ರಲ್ಲಿ ಕಂಡಿತು. 2019ರ ಹೊತ್ತಿಗೆ ಕೇರಳದ ಹಿನ್ನೀರಿನಿಂದ ವರದಿ ಬಂತು. ಮರಿಯಾಗಿದ್ದಾಗ ನೀಲಿಕಲ್ಲಿನ ಮರಿಯ ಜೊತೆ ಸೇರಿದರೆ ಬಿಡಿಸಿ ಹೇಳುವುದು ಕಷ್ಟ. ಬೀಜದ ಮರಿಗಳನ್ನು ಒಂದು ಅಳಿವೆಯಿಂದ ಇನ್ನೊಂದಕ್ಕೆ ಸಾಗಿಸುವವರು ಇದನ್ನೂ ತಮಗೆ ಗೊತ್ತಿಲ್ಲದೆ ಸಾಗಿಸುತ್ತಾರೆ. ಆಗ ಬಿಜಾಗರಿ ನೋಡಬಲ್ಲ ಒಬ್ಬ ಮನುಷ್ಯ ಬೇಕು. ವರ್ಗೀಕರಣ ಓದಿದವರಿಗೆ ನಮ್ಮಲ್ಲಿ ಕೆಲಸ ಸಿಗುವುದಿಲ್ಲ ಅನ್ನುವುದು ಬೇರೆಯೇ ದುಃಖ.

ಕಿಟಕಿ ಚಿಪ್ಪಿನ ಹೆಸರಿನ ಕತೆ ಕಾನೂನಿನವರೆಗೂ ಹೋಗುತ್ತದೆ. ಲಿನ್ನೇಯಸ್ ಇದಕ್ಕೆ ಅನೋಮಿಯಾ ಪ್ಲಸೆಂಟಾ ಅಂದ. ಲ್ಯಾಟಿನ್‌ನಲ್ಲಿ ಪ್ಲಸೆಂಟಾ ಅಂದರೆ ಚಪ್ಪಟೆ ರೊಟ್ಟಿಯಂಥ ತಿಂಡಿ. ನಮ್ಮವರು ಹೆಸರಿಟ್ಟಿದ್ದರೆ ಹಪ್ಪಳ ಅಂತಿದ್ದರು, ಅದೇ ಸರಿ ಹೊಂದುತ್ತಿತ್ತು. ಅಂಗೈಯಷ್ಟು ಅಗಲ, ಕಾಗದದಷ್ಟು ತೆಳು, ಆಚೆ ಈಚೆ ಬೆಳಕು ಹಾಯುತ್ತದೆ. ಈಗಿನ ಹೆಸರು ಪ್ಲಕುನಾ ಪ್ಲಸೆಂಟಾ. ಇಂಗ್ಲಿಷಿನಲ್ಲಿ ಇದನ್ನು ಆಯ್ಸ್ಟರ್ ಅನ್ನುತ್ತಾರೆ, ಆದರೆ ನಿಜವಾದ ಸಿಂಪಿಯ ಕುಟುಂಬದ್ದಲ್ಲ. ಮುತ್ತಿನ ಸಿಂಪಿಯ ಕುಟುಂಬದ್ದೂ ಅಲ್ಲ. ಪ್ಲಕುನಿಡೇ ಅನ್ನುವ ಪುಟ್ಟ ಕುಟುಂಬ ಇದರದು. ಬಿಜಾಗರಿಯ ಜಾಗದಲ್ಲಿ ವಿ ಅಕ್ಷರದಂತೆ ಎರಡು ಏಣು ಇರುತ್ತವೆ, ಹಳೆಯ ಕಿಟಕಿಗಳಲ್ಲಿ ಕೂಡ ಆ ವಿ ಕಾಣಿಸುತ್ತದೆ. ಮುಂದೆ ಪಣಜಿಯ ಫೊಂತೈನಾಸ್‌ಗೋ ಹಳೆ ಗೋವಾಕ್ಕೋ ಹೋದಾಗ ಚಿಪ್ಪಿನ ಕಿಟಕಿ ಕಂಡರೆ ಹತ್ತಿರ ಹೋಗಿ ಹುಡುಕಿ.

ಈ ಚಿಪ್ಪು ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಯವರೆಗೂ ಹೋಗಿದೆ. ತೂಕದಲ್ಲಿ ಶೇ 99ರಷ್ಟು ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲು. ಹಾಗಿದ್ದೂ ಶೇ 80ರಷ್ಟು ಬೆಳಕು ಬಿಡುತ್ತದೆ, ಹೊಡೆತ ಬಿದ್ದರೆ ಇಡೀ ಒಡೆಯುವುದಿಲ್ಲ, ಪೆಟ್ಟು ಬಿದ್ದಷ್ಟೇ ಜಾಗ ಹಾಳಾಗುತ್ತದೆ. ಪದರ ಪದರವಾಗಿ ಕೂತ ಹರಳುಗಳು ಪೆಟ್ಟನ್ನು ಅಲ್ಲಲ್ಲೇ ನುಂಗುತ್ತವೆ ಅಂತ 2014ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಪಾರದರ್ಶಕ ಕವಚ ಮಾಡುವವರಿಗೆ ಇದು ಪಾಠ. ಕಿಟಕಿಗೆ ಇದನ್ನೇ ಆರಿಸಿದ ಗೋವಾದ ಬಡಗಿಗಳಿಗೆ ಪದರದ ಲೆಕ್ಕ ಬೇಕಿರಲಿಲ್ಲ. ಮಳೆಗಾಲದ ಗಾಳಿಗೆ ಬಾಗಿಲು ಬಡಿದರೂ ತಡೆಯುತ್ತದೆ ಅಂತ ಕಣ್ಣಾರೆ ಕಂಡಿದ್ದರು.

ಕಾನೂನಿಗೆ ಬರೋಣ. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಿಗೆ 24 ಮೃದ್ವಂಗಿಗಳು ಸೇರಿದವು. ಮೂರು ದೈತ್ಯ ಚಿಪ್ಪುಗಳೂ ಸೇರಿ 9 ಪ್ರಭೇದ ಮೊದಲ ಪರಿಶಿಷ್ಟಕ್ಕೆ, 15 ನಾಲ್ಕನೆಯದಕ್ಕೆ. ಆ 15ರಲ್ಲಿ ಕಿಟಕಿ ಚಿಪ್ಪು ಒಂದು. ಮಿಕ್ಕ 14 ಶಂಖ, ಕವಡೆಯಂಥ ಒಂಟಿ ಚಿಪ್ಪಿನವು. ಪಟ್ಟಿಯಲ್ಲಿ ಅಚ್ಚಾದ ಹೆಸರು ಪ್ಲಸೆಂಟಾ ಪ್ಲಸೆಂಟಾ. ಅದು ವಿಜ್ಞಾನ ಕೈಬಿಟ್ಟ ಹಳೆಯ ಕುಲನಾಮ. ಆಮೇಲೆ 2022ರ ತಿದ್ದುಪಡಿಯಲ್ಲಿ ಪರಿಶಿಷ್ಟಗಳೇ ಆರರಿಂದ ನಾಲ್ಕಕ್ಕೆ ಇಳಿದವು. ಹೆಸರು ಹಳೆಯದಾದರೂ ಪ್ರಾಣಿ ಅದೇ, ಕೋರ್ಟಿನಲ್ಲಿ ಇದರಿಂದ ಯಾರೂ ತಪ್ಪಿಸಿಕೊಳ್ಳಲಾರರು. ಆದರೆ ಕೆಸರಿನಲ್ಲಿ ನಿಂತ ಅರಣ್ಯ ಸಿಬ್ಬಂದಿಯ ಕಷ್ಟ ಯೋಚಿಸಿ. ಕೈಯಲ್ಲಿರುವ ಪಟ್ಟಿಯಲ್ಲಿ ಒಂದು ಹೆಸರು, ವಿಜ್ಞಾನಿಯ ವರದಿಯಲ್ಲಿ ಇನ್ನೊಂದು, ಬುಟ್ಟಿ ಹೊತ್ತವರ ಬಾಯಲ್ಲಿ ಮತ್ತೊಂದು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಆ ಕಾಯ್ದೆಯನ್ನು ಬರೆದದ್ದು ಓಡಾಡುವ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇಟೆ ಆಡಬೇಡ, ಹಿಡಿಯಬೇಡ, ಮಾರಬೇಡ. ಕಿಟಕಿ ಚಿಪ್ಪನ್ನು ಯಾರೂ ಮುಟ್ಟದೆ ಕೂಡ ಕೊಲ್ಲಬಹುದು. ಅದರ ಮೈ ಕಟ್ಟಿರುವುದೇ ಹಾಗೆ. ತಿಸ್ರ್ಯೊ ಕೆಸರಿನ ಒಳಗೆ ಹೂತುಕೊಂಡು ನಳಿಕೆ ಮಾತ್ರ ಹೊರಗಿಡುತ್ತದೆ. ಕಿಟಕಿ ಚಿಪ್ಪಿಗೆ ಆ ಥರದ ನಳಿಕೆ ಇಲ್ಲ, ಕೆಸರಿನ ಮೇಲೆ ತಟ್ಟೆಯ ಹಾಗೆ ಮಲಗಿರುತ್ತದೆ. ಕಲ್ಲಿಗೆ ಕಟ್ಟಿಕೊಳ್ಳುವ ನಾರು ದೊಡ್ಡದಾದ ಮೇಲೆ ಇರುವುದಿಲ್ಲ. ಕಾಲು ಇದೆ, ಆದರೆ ಅಗೆಯಲಿಕ್ಕಲ್ಲ. ಹುಳುವಿನಂತೆ ಉದ್ದವಾಗಿ ಚಾಚಿ ಒಳಗೆ ಸೇರಿದ ಕೆಸರನ್ನು ಗುಡಿಸುವುದು ಅದರ ಕೆಲಸ. ಕೆಸರಿನಲ್ಲಿ ಬದುಕಲು ದೇಹವೇ ಒಂದು ಪೊರಕೆ ಇಟ್ಟುಕೊಂಡಿದೆ! ಸ್ವಲ್ಪ ಕೆಸರು ಬಂದರೆ ಗುಡಿಸುತ್ತದೆ. ನದಿಯ ತಳ ಅಗೆದು ಹೂಳೆತ್ತಿ ಒಂದು ಪದರ ಮಣ್ಣು ಮೇಲೆ ಕೂತರೆ ಗುಡಿಸಲಾರದು, ಎದ್ದು ಹೋಗಲಾರದು. ಮೇಲೆ ಹೇಳಿದ ಆರಿಸುವ ಖರ್ಚಿನ ಲೆಕ್ಕ ಇಲ್ಲಿ ಬೇಕಾಗುತ್ತದೆ.

ಮರಿಗಳ ಲೆಕ್ಕವೂ ಅಷ್ಟೇ. ಚಿಪ್ಪುಗಳು ಲಕ್ಷಗಟ್ಟಲೆ ಮೊಟ್ಟೆಯನ್ನು ನೀರಿಗೇ ಬಿಡುತ್ತವೆ. ಗಂಡಿನ ಬೀಜವೂ ನೀರಿನಲ್ಲೇ ಬೆರೆಯಬೇಕು. ಅಂದರೆ ಅಕ್ಕಪಕ್ಕದಲ್ಲಿ ಸಾಕಷ್ಟು ಜನ ಇರಬೇಕು. ಚದುರಿದ ನಾಲ್ಕು ಚಿಪ್ಪು ಉಳಿದರೆ ಪ್ರಭೇದ ಉಳಿಯಿತು ಅಂತ ಕಾಗದದಲ್ಲಿ ಬರೆಯಬಹುದು, ಮಕ್ಕಳು ಹುಟ್ಟುವುದಿಲ್ಲ. ಹುಟ್ಟಿದ ಮರಿ ಕೆಲವು ದಿನದಿಂದ ಎರಡು ಮೂರು ವಾರದವರೆಗೆ ತೇಲಾಡಿ, ಆಮೇಲೆ ತಳಕ್ಕಿಳಿದು ಜಾಗ ಹುಡುಕುತ್ತದೆ. ಆ ಜಾಗದಲ್ಲಿ ಕಾಂಕ್ರೀಟ್ ಇದ್ದರೆ ಸಿಂಪಿಯೋ ನೀಲಿಕಲ್ಲೋ ಕೂತೀತು. ತಿಸ್ರ್ಯೊಗೆ, ಕಿಟಕಿ ಚಿಪ್ಪಿಗೆ ಮೆತ್ತನೆ ತಳವೇ ಬೇಕು.

ಹಾಗಾಗಿ ಪ್ರಾಣಿಯ ಪಟ್ಟಿಗಿಂತ ಜಾಗದ ಪಟ್ಟಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದೂ ನಮ್ಮಲ್ಲಿ ಇಲ್ಲದ್ದೇನಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲಾ ಕಾಡು, ಹವಳದ ದಿಬ್ಬಗಳ ಜೊತೆ ಜೀವಿಗಳಿರುವ ಕೆಸರು ಬಯಲೂ ಎಲ್ಲಕ್ಕಿಂತ ಬಿಗಿಯಾದ ವರ್ಗದಲ್ಲಿದೆ. ಚಿಪ್ಪಿನ ಹಾಸು ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ನಕ್ಷೆಯಲ್ಲಿ ಗೆರೆ ಎಳೆದರೆ ಪ್ಲಸೆಂಟಾನೋ ಪ್ಲಕುನಾನೋ ಅನ್ನುವ ಪ್ರಶ್ನೆ ತಾನಾಗಿ ಸಣ್ಣದಾಗುತ್ತದೆ. ದೋನಾ ಪೌಲಾದಲ್ಲಿ, ಜುವಾರಿ ಬಾಯಿಯ ಆಚೆ ದಂಡೆಯಲ್ಲೇ, 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಗೆರೆ ಎಳೆಯುವ ಪರಿಣತಿಗೆ ದೂರ ಹೋಗಬೇಕಿಲ್ಲ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ. ಇಡೀ ಅಳಿವೆಗೇ ಹೆಸರು ಕೊಟ್ಟರೆ ಒಳಗಿರುವ ಎಲ್ಲದಕ್ಕೂ ಒಂದೇ ಕೊಡೆ ಸಿಗುತ್ತದೆ.

ನೀರಿನ ಸಂಗತಿಯೂ ಇದೆ. ಜುವಾರಿ ದಂಡೆಯಲ್ಲಿ ಬಂದರು, ಹಡಗುಕಟ್ಟೆ, ಬಾರ್ಜು ಎಲ್ಲ ಇವೆ. ಹಡಗಿನ ತಳಕ್ಕೆ ಚಿಪ್ಪು ಅಂಟದಿರಲಿ ಅಂತ ಹಿಂದೆ ಟಿಬಿಟಿ ಅನ್ನುವ ತವರದ ಸಂಯುಕ್ತ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಫ್ರಾನ್ಸಿನ ಅರ್ಕಾಶೋನ್ ಕೊಲ್ಲಿಯಲ್ಲಿ ಎಪ್ಪತ್ತರ ದಶಕದ ಕೊನೆಗೆ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ನಿಲ್ಲಲಿಲ್ಲ. ಕಾರಣ ಈ ಬಣ್ಣ. 1982ರಲ್ಲಿ ಫ್ರಾನ್ಸ್ ಕಡಿವಾಣ ಹಾಕಿತು. ಜಗತ್ತಿನ ಒಪ್ಪಂದ ಜಾರಿಗೆ ಬರಲು 2008 ಆಯಿತು. ನೂರು ಲೀಟರ್ ಸೋಸುವ ಜೀವಿಗೆ ನೀರಿನಲ್ಲಿರುವ ಒಳ್ಳೆಯದೂ ಕೆಟ್ಟದ್ದೂ ಅಷ್ಟೇ ಸೇರುತ್ತದೆ. ತಿನ್ನುವ ನಮಗೂ ಆ ಪಾಲು ಬರುತ್ತದೆ. ವಿಷಪಾಚಿ ಹೆಚ್ಚಿದಾಗ ಚಿಪ್ಪು ತಿಂದು 1983ರಲ್ಲಿ ಮಂಗಳೂರಿನ ಹತ್ತಿರ, 1997ರಲ್ಲಿ ಕೇರಳದ ವಿಳಿಂಜಮ್‌ನಲ್ಲಿ ಸಾವುಗಳಾಗಿವೆ. ಬೇಯಿಸಿದರೆ ಆ ವಿಷ ಹೋಗುವುದಿಲ್ಲ.

ಹೆಕ್ಕುವವರದು ಏನೂ ತಪ್ಪಿಲ್ಲ ಅಂತ ಹೇಳಲಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧ ಯಂತ್ರದ ದೋಣಿಗಳಿಗೆ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಕೆಸರಿಗೆ ಇಳಿಯುವವರಿಗೆ ಆ ಲೆಕ್ಕ ಇಲ್ಲ. ಹೊಟ್ಟೆಪಾಡಿಗೆ ಇಳಿಯುವ ಹೆಂಗಸರು, ರಜೆಯಲ್ಲಿ ಸುಮ್ನೆ ಮೋಜಿಗೆ ಬಂದು ಚೀಲ ತುಂಬುವವರು, ಹೋಟೆಲುಗಳಿಗೆ ಸಗಟಾಗಿ ಕೊಡುವವರು, ಎಲ್ಲರೂ ಅದೇ ಕೆಸರಲ್ಲಿ. ಅಷ್ಟಮುಡಿಯಲ್ಲೂ ತೊಂಬತ್ತರ ದಶಕದಲ್ಲಿ ಇದೇ ಗತಿ ಆಗಿತ್ತು. ಕೊಚ್ಚಿಯ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಸಲಹೆ ಮೇಲೆ ಮೊಟ್ಟೆ ಬಿಡುವ ತಿಂಗಳಲ್ಲಿ ರಜೆ ಕೊಟ್ಟರು, ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಸಣ್ಣದಿರಬಾರದು ಅಂದರು. ನಿಯಮ ಮಾಡುವ ಮಂಡಳಿಯಲ್ಲಿ ಹೆಕ್ಕುವವರೂ ಕೂತರು. ಪ್ರಮಾಣಪತ್ರ ಬಂದದ್ದು ಆಮೇಲೆ. ಗೋವಾಕ್ಕೆ ಅದನ್ನೇ ನಕಲು ಮಾಡಿ ಅಂಟಿಸುವ ಹಾಗಿಲ್ಲ. ತಿಸ್ರ್ಯೊ ಅನ್ನುವ ಒಂದೇ ಗುಡ್ಡೆಯಲ್ಲಿ ಎರಡು ಮೂರು ಪ್ರಭೇದ ಇದ್ದರೆ ಒಂದೊಂದರ ಬೆಳವಣಿಗೆ, ಮೊಟ್ಟೆಯ ಕಾಲ ಬೇರೆ. ಒಂದರ ಅಳತೆ ಇನ್ನೊಂದಕ್ಕೆ ಸರಿ ಹೋಗಬೇಕೆಂದಿಲ್ಲ. ಖುಬೆಯದು ಬೇರೆಯೇ ಕುಟುಂಬ, ಉಪ್ಪು ಕಡಿಮೆ ಇರುವ ಒಳನೀರಿನಲ್ಲಿ ಬದುಕುವಂಥದು. ವರ್ಗೀಕರಣದ ಉಪಯೋಗ ನನ್ನ ಪ್ರಕಾರ ಪಟ್ಟಿಗಿಂತ ಇಲ್ಲಿ ಜಾಸ್ತಿ. ಯಾವ ಗಾತ್ರದ್ದನ್ನು ಬಿಡಬೇಕು ಅಂತ ನಿಯಮ ಮಾಡುವ ಮೊದಲು ಯಾವುದರ ಗಾತ್ರ ಅಂತ ಗೊತ್ತಿರಬೇಕಲ್ಲ.

ಆ ಭಾನುವಾರ ಮಂಗಳೂರಿನ ಅಕ್ಕನ ಮನೆಯಲ್ಲೇ ಊಟ. ಪುಂಡಿ, ಮರುವಾಯಿ. ಊಟ ಆದ ಮೇಲೆ ಹಳೆ ಪೇಪರ್ ಹಾಸಿ ಚಿಪ್ಪುಗಳನ್ನೆಲ್ಲ ಹರಡಿದೆ. "ಎಂತ ಮಾಡ್ತೀರಿ, ಕೈ ತೊಳೀರಿ ಮಾರಾಯ್ರೆ" ಅಂದರು ಅಕ್ಕ. ಅಂಕೋಲೆಯ ಗೆಳೆಯ ಮಾತ್ರ ಪಕ್ಕಕ್ಕೆ ಬಂದು ಕೂತ. ನುಣುಪಾಗಿ ಹೊಳೆಯುವ ತ್ರಿಕೋನದ ಚಿಪ್ಪು ಒಂದು ಕಡೆ, ಒಳಗಿನ ಗೆರೆ ಬಾಗಿರಲೇ ಇಲ್ಲ ಅನ್ನಬೇಕು. ಅದು ಮೆರೆಟ್ರಿಕ್ಸ್. ಉದ್ದುದ್ದ, ಮೇಲೆ ಸಾಲು ಸಾಲು ಏಣು, ಒಳಗಿನ ಗೆರೆ ಆಳಕ್ಕೆ ಬಾಗಿದ್ದು ಇನ್ನೊಂದು ಕಡೆ. ಅದು ಹೆಸರು ಬದಲಾದ ಪ್ಯಾಫಿಯಾ. ಎರಡಕ್ಕೂ ಮೂರು ಮೂರು ಹಲ್ಲು. ತಳದಲ್ಲಿ ದಪ್ಪನೆಯ ಕಪ್ಪು ಚಿಪ್ಪು ಎರಡು ಸಿಕ್ಕವು, ಖುಬೆ ಹೇಗೋ ಸೇರಿಕೊಂಡಿತ್ತು. ಎಲ್ಲ ಗುಂಪಿನಲ್ಲೂ ನನ್ನ ಹೆಬ್ಬೆರಳಿನ ಉಗುರಿಗಿಂತ ದೊಡ್ಡದು ಬೆರಳೆಣಿಕೆಯಷ್ಟು.

"ಹಾಗಾದ್ರೆ ನಾವು ತಿಂದದ್ದು ಬಳಚು ಅಲ್ವಾ?" ಅಂತ ಗೆಳೆಯ ಕೇಳಿದ.

"ಬಳಚೂ ಇತ್ತು" ಅಂದೆ. ಅಕ್ಕ ಪೇಪರಿನ ನಾಲ್ಕು ಮೂಲೆ ಹಿಡಿದು ಮೂರೂ ಗುಂಪನ್ನು ಮತ್ತೆ ಒಂದು ಮಾಡಿ, ಹಿತ್ತಲ ಮಲ್ಲಿಗೆ ಬುಡಕ್ಕೆ ಸುರಿದು ಬಂದರು.